ಯಾವ ಬಿಡಿಭಾಗಕ್ಕೆ ಯಾವ ಯೋಜನೆ?

ವ್ಯವಹಾರ ಅಧ್ಯಯನದ ‘ಯೋಜನೆ’ ಪಾಠದಲ್ಲಿ, ಪರ್ಯಾಯಗಳನ್ನು ತೂಗಿ ನೋಡಿ ಒಂದನ್ನು ಆರಿಸಬೇಕು ಎಂದು ಓದುತ್ತೇವೆ. ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಈ ಆಯ್ಕೆ ಹೇಗೆ ನಡೆಯುತ್ತದೆ? ಮುಖ್ಯವಾಗಿ ಮೂರು ವಿಧಾನಗಳನ್ನು ನೋಡೋಣ.

1. ಆರ್ಡರ್ ಬಂದ ಮೇಲೆ ತಯಾರಿಕೆ: ಗಿರಾಕಿ ಡ್ರಾಯಿಂಗ್ ಕೊಟ್ಟ ನಂತರವೇ ಕೆಲಸ ಶುರು. ಪ್ರತಿ ಸಲ ಅಳತೆ ಬದಲಾಗುವ ಭಾಗಕ್ಕೆ ಇದು ಸರಿ. ಮಾಲು ಉಳಿಯುವುದಿಲ್ಲ, ಆದರೆ ಗಿರಾಕಿ ಕಾಯಬೇಕು.

2. ಎಂಆರ್‌ಪಿ: ಇದು ಪ್ಯಾಕೆಟ್ ಮೇಲಿನ ಬೆಲೆಯಲ್ಲ, ಸಾಮಗ್ರಿ ಅಗತ್ಯದ ಯೋಜನೆ. 100 ಸ್ಕೂಟರ್‌ಗೆ 200 ಚಕ್ರ ಬೇಕು. ಸ್ಟೋರಿನಲ್ಲಿ 60 ಇದ್ದರೆ ಇನ್ನು 140 ಬೇಕು. ಚಕ್ರ ಬರಲು ಎರಡು ವಾರ ಹಿಡಿದರೆ, ಜೋಡಣೆಗೆ ಎರಡು ವಾರ ಮೊದಲೇ ಆರ್ಡರ್ ಹಾಕಬೇಕು. ಹಲವು ಭಾಗ ಸೇರಿ ಆಗುವ ವಸ್ತುವಿಗೆ ಇದು ಅನುಕೂಲ. ಆದರೆ ಸ್ಟೋರಿನ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

3. ಕಾನ್‌ಬಾನ್: ಟೊಯೋಟಾದ ತೈಚಿ ಓನೊ ಅಮೆರಿಕದ ಸೂಪರ್ ಮಾರ್ಕೆಟ್‌ಗಳಿಂದ ಪಡೆದ ಕಲ್ಪನೆ. ಪೆಟ್ಟಿಗೆ ಖಾಲಿಯಾದಾಗ ಅದರ ಕಾರ್ಡ್ ಹಿಂದಕ್ಕೆ ಹೋಗುತ್ತದೆ. ಅಷ್ಟನ್ನೇ ಮತ್ತೆ ಮಾಡುತ್ತಾರೆ. ದಿನಕ್ಕೆ 200 ಬೋಲ್ಟ್ ಬೇಕು, ತುಂಬಿ ಬರಲು 2 ದಿನ ಬೇಕು ಎಂದರೆ 400. ಮುಂಜಾಗ್ರತೆಗೆ ಶೇ. 25 ಸೇರಿಸಿದರೆ 500. ಪೆಟ್ಟಿಗೆಗೆ 50ರಂತೆ 10 ಕಾರ್ಡ್ ಸಾಕು. ಬೇಡಿಕೆ ದಿನವೂ ಹೆಚ್ಚು ಕಡಿಮೆ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ.

ಆಯ್ಕೆ ತಪ್ಪಿದರೆ ಏನಾಗುತ್ತದೆ? ನನ್ನ ಮಾಮು ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದಾರೆ. ಅಲ್ಲಿ ಒಮ್ಮೆ ಆರ್ಡರ್ ಬರುವ ಮೊದಲೇ ಮಾಲು ಮಾಡಿಟ್ಟರು. ಗಿರಾಕಿ ಅಳತೆ ಬದಲಿಸಿದ. ಮಾಲು ಗುಜರಿಗೆ ಹೋಯಿತು, ಆ ತಿಂಗಳ ಸಂಬಳ ತಡವಾಯಿತು. “ನಿಮ್ಮ ಪುಸ್ತಕದಲ್ಲಿ ಸ್ಟಾಕ್ ಆಸ್ತಿ. ಆದರೆ ಸ್ಟಾಕ್‌ನಿಂದ ಸಂಬಳ ಕೊಡೋಕಾಗಲ್ಲ ಬೇಟಾ” ಎಂದರು ಮಾಮು. ದುಡಿಯುವ ಬಂಡವಾಳದ ಪಾಠ ನನಗೆ ಆಗ ಅರ್ಥವಾಯಿತು.

ಹಾಗೆಂದು ಸ್ಟಾಕ್ ತೀರಾ ಕಡಿಮೆ ಇದ್ದರೂ ಕಷ್ಟವೇ. 1997ರ ಫೆಬ್ರವರಿ 1ರಂದು ಜಪಾನಿನಲ್ಲಿ ಐಸಿನ್ ಕಂಪನಿಯ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾದ ಒಂದು ಬ್ರೇಕ್ ವಾಲ್ವ್ ಬಹುತೇಕ ಅಲ್ಲಿಂದಲೇ ಬರುತ್ತಿತ್ತು. ಆ ಸಣ್ಣ ಭಾಗವಿಲ್ಲದೆ ಟೊಯೋಟಾದ ಕಾರ್ಖಾನೆಗಳು ಕೆಲವು ದಿನ ನಿಂತವು. ಬೇರೆ ಪೂರೈಕೆದಾರರು ತಮ್ಮ ಯಂತ್ರಗಳಲ್ಲಿ ವಾಲ್ವ್ ಮಾಡಿಕೊಟ್ಟ ಮೇಲೆ ಕೆಲಸ ಮತ್ತೆ ಶುರುವಾಯಿತು.

ಆದ್ದರಿಂದ ಇಡೀ ಕಾರ್ಖಾನೆಗೆ ಒಂದೇ ವಿಧಾನ ಎಂದುಕೊಳ್ಳಬಾರದು. ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಕೇಳಬೇಕು: ಬೇಡಿಕೆ ಸ್ಥಿರವೇ? ತಯಾರಿಗೆ ಎಷ್ಟು ದಿನ? ಅದು ಸಿಗದಿದ್ದರೆ ಏನೇನು ನಿಲ್ಲುತ್ತದೆ?