ಓರೆಗೆರೆಯ ಎರಡು ದಿಕ್ಕುಗಳು

ಒಂದು ಮನೆಗೆ ಎರಡು ವಿಳಾಸಗಳಿರುವುದು ನಮಗೆ ಹೊಸದಲ್ಲ. ಊರಿನಲ್ಲಿ ಕೇಳಿದರೆ ‘ಅರಳಿಕಟ್ಟೆಯ ಹಿಂದಿನ ಹಂಚಿನ ಮನೆ’ ಎನ್ನುವರು. ಪಂಚಾಯಿತಿಯ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಇರುವುದು. ಮನೆ ಒಂದೇ, ಕೇಳುವವರು ಯಾರೆಂಬುದನ್ನರಿತು ವಿಳಾಸ ಹೇಳಬೇಕು. ಗಣಕಯಂತ್ರದಲ್ಲಿರುವ ಫೈಲುಗಳ ವಿಷಯವೂ ಹೀಗೆಯೇ. ಈ ಸಣ್ಣ ಸಂಗತಿಯನ್ನರಿಯದೆ ನಾನು ಪಟ್ಟ ಪಾಡನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ಕನ್ನಡ ಅಧ್ಯಾಪಕರ ಸೂಚನೆಯಂತೆ ನಮ್ಮೂರಿನ ಅಜ್ಜಿಯೊಬ್ಬರು ಹಾಡಿದ ಬೀಸುವ ಪದಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದಿದ್ದೆ. ನನ್ನ ಯಂತ್ರದಲ್ಲಿರುವುದು ವಿಂಡೋಸ್. ಅದರೊಳಗೇ ಡಬ್ಲ್ಯುಎಸ್ಎಲ್ ಎಂಬ ಏರ್ಪಾಟಿನ ಮೂಲಕ ಯುನಿಕ್ಸ್ ಸಂಪ್ರದಾಯದ ಲಿನಕ್ಸ್ ಕೂಡ ನಡೆಯುತ್ತದೆ. ಲಿನಕ್ಸಿನಲ್ಲಿ ಹಾಡುಗಳಿಗೆ ಕ್ರಮವಾಗಿ ಹೆಸರಿಟ್ಟು, ವಿಂಡೋಸಿನ ಡಿ ಡ್ರೈವಿಗೆ ನಕಲು ಮಾಡಲು ಹೀಗೆ ಆಜ್ಞೆ ಕೊಟ್ಟೆ:

ಸಿಪಿ -ಆರ್ ಹಾಡುಗಳು ಡಿ:\ಸಂಗ್ರಹ

(ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಯಂತ್ರದ ಮುಂದೆ ಆಜ್ಞೆಯನ್ನೂ ಡ್ರೈವಿನ ಅಕ್ಷರವನ್ನೂ ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು.)

ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಕೆಲಸವಾಯಿತೆಂದು ನಂಬಿ, ಮೊಬೈಲಿನಲ್ಲಿಯೂ ಲಿನಕ್ಸಿನಲ್ಲಿಯೂ ಇದ್ದ ಮೂಲವನ್ನು ಅಳಿಸಿಬಿಟ್ಟೆ. ಸ್ಥಳ ಸಾಲದೆಂದು ಸಂಜೆ ಲಿನಕ್ಸನ್ನೇ ತೆಗೆದುಹಾಕುವ ಯೋಚನೆಯೂ ಇತ್ತು. ಮಧ್ಯಾಹ್ನ ಅಧ್ಯಾಪಕರು “ಎಲ್ಲಿ, ಒಂದು ಹಾಡು ಕೇಳಿಸಪ್ಪ” ಎಂದರು. ಡಿ ಡ್ರೈವಿನ ಸಂಗ್ರಹ ಬರಿದಾಗಿತ್ತು. ಅಜ್ಜಿ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಮತ್ತೆ ಹಾಡಿಸಿಕೊಳ್ಳುವ ಮಾತೇ ಇರಲಿಲ್ಲ.

ಆದುದೇನು? ವಿಂಡೋಸಿನಲ್ಲಿ ಫೋಲ್ಡರುಗಳನ್ನು ಬೇರ್ಪಡಿಸುವ ಹಿಂದೋರೆಯ ಗೆರೆ, ಎಂದರೆ ಬ್ಯಾಕ್‌ಸ್ಲ್ಯಾಶ್, ಲಿನಕ್ಸಿನ ಆಜ್ಞಾಸಾಲಿನಲ್ಲಿ ಬೇರೆಯೇ ಅರ್ಥವುಳ್ಳದ್ದು. ‘ನನ್ನ ಮುಂದಿನ ಅಕ್ಷರವನ್ನು ಇದ್ದಂತೆಯೇ ತೆಗೆದುಕೊಳ್ಳಿ’ ಎಂದು ಹೇಳಿ ಅದು ತಾನು ಮಾಯವಾಗುವುದು. ಹೀಗಾಗಿ ಲಿನಕ್ಸ್ ನನ್ನ ವಿಳಾಸವನ್ನು ‘ಡಿ:ಸಂಗ್ರಹ’ ಎಂದು ಓದಿ, ಆ ವಿಚಿತ್ರ ಹೆಸರಿನ ಫೋಲ್ಡರನ್ನು ತನ್ನಲ್ಲಿಯೇ ಸೃಷ್ಟಿಸಿ, ಹಾಡುಗಳನ್ನು ಅದರಲ್ಲಿಟ್ಟಿತ್ತು. ಪುಣ್ಯವಶಾತ್ ಲಿನಕ್ಸನ್ನು ಇನ್ನೂ ತೆಗೆದಿರಲಿಲ್ಲ!

ಈ ಭೇದಕ್ಕೆ ಇತಿಹಾಸವಿದೆ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸಿನಲ್ಲಿ ಮುಂದೋರೆಯ ಗೆರೆ ರೂಢಿಗೆ ಬಂತು. ವಿಂಡೋಸಿನ ಪೂರ್ವಜನಾದ ಎಂಎಸ್-ಡಾಸ್ 1981ರಲ್ಲಿ ಹೊರಬಂದಾಗ ಅದರಲ್ಲಿ ಫೋಲ್ಡರುಗಳೇ ಇರಲಿಲ್ಲ. ಮುಂದೋರೆಯ ಗೆರೆ ಆಜ್ಞೆಗಳ ಆಯ್ಕೆಗಳನ್ನು ಸೂಚಿಸಲು ಬಳಕೆಯಾಗಿತ್ತು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಹಿಂದೋರೆಯ ಗೆರೆಯನ್ನು ಆರಿಸಿಕೊಳ್ಳಬೇಕಾಯಿತು.

ಹಾಗಾದರೆ ಗೆರೆಯ ದಿಕ್ಕನ್ನು ತಿರುಗಿಸಿದರೆ ಸಾಕೆ? ಸಾಲದು. ವಿಂಡೋಸಿನಲ್ಲಿ ಪ್ರತಿ ಡ್ರೈವಿಗೂ ಬೇರೆ ಅಕ್ಷರ, ಬೇರೆ ಬೇರು. ಯುನಿಕ್ಸಿನಲ್ಲಿ ಸಮಸ್ತವೂ ಒಂದೇ ಬೇರಿನಿಂದ ಹೊರಟ ಮರ. ಆದ್ದರಿಂದ ಡಿ ಡ್ರೈವ್ ಡಬ್ಲ್ಯುಎಸ್ಎಲ್‌ನಲ್ಲಿ ‘/ಎಂಎನ್‌ಟಿ/ಡಿ’ ಎಂದೂ, ಸಿಗ್ವಿನ್ ಎಂಬ ಇನ್ನೊಂದು ಏರ್ಪಾಟಿನಲ್ಲಿ ‘/ಸಿಗ್‌ಡ್ರೈವ್/ಡಿ’ ಎಂದೂ ಕಾಣುವುದು. ಈ ಪರಿವರ್ತನೆಗಾಗಿಯೇ ಮೊದಲನೆಯದರಲ್ಲಿ ‘ಡಬ್ಲ್ಯುಎಸ್ಎಲ್‌ಪಾತ್’, ಎರಡನೆಯದರಲ್ಲಿ ‘ಸಿಗ್‌ಪಾತ್’ ಎಂಬ ಆಜ್ಞೆಗಳಿವೆ. ಎರಡರಲ್ಲಿಯೂ ‘-ಯು’ ಎಂದರೆ ಯುನಿಕ್ಸ್ ರೂಪ. ‘-ಡಬ್ಲ್ಯು’ ಎಂದರೆ ವಿಂಡೋಸ್ ರೂಪ. ‘-ಎಂ’ ಎಂದರೆ ಡ್ರೈವಿನ ಅಕ್ಷರವನ್ನುಳಿಸಿಕೊಂಡು ಮುಂದೋರೆಯ ಗೆರೆಗಳನ್ನಿಟ್ಟ ಮಿಶ್ರರೂಪ.

ನಾನು ಆ ವಿಚಿತ್ರ ಫೋಲ್ಡರಿಗೆ ಪುನಃ ‘ಹಾಡುಗಳು’ ಎಂದು ಹೆಸರಿಟ್ಟು ಹೀಗೆ ಬರೆದೆ:

ಸಿಪಿ -ಆರ್ ಹಾಡುಗಳು "$(ಡಬ್ಲ್ಯುಎಸ್ಎಲ್‌ಪಾತ್ -ಯು 'ಡಿ:\ಸಂಗ್ರಹ')"

ಡಾಲರ್ ಗುರುತಿನ ಮುಂದಿನ ಕಂಸದೊಳಗಿರುವ ಆಜ್ಞೆ ಮೊದಲು ನಡೆದು, ಅದರ ಉತ್ತರವಾದ ‘/ಎಂಎನ್‌ಟಿ/ಡಿ/ಸಂಗ್ರಹ’ ಆ ಸ್ಥಾನದಲ್ಲಿ ಬಂದು ಕೂರುವುದು. ಒಳಗಿನ ಒಂಟಿ ಉದ್ಧರಣ ಚಿಹ್ನೆ ಬ್ಯಾಕ್‌ಸ್ಲ್ಯಾಶನ್ನು ಕಾಪಾಡುವುದು. ಹೊರಗಿನ ಜೋಡಿ ಚಿಹ್ನೆ, ಹೆಸರಿನ ನಡುವೆ ತೆರಪಿದ್ದರೆ ವಿಳಾಸ ಎರಡು ತುಂಡಾಗದಂತೆ ತಡೆಯುವುದು. ಇವೆರಡರಲ್ಲಿ ಯಾವುದನ್ನೂ ಬಿಡಲಾಗದು.

ಹಲವು ವಿಳಾಸಗಳ ಪಟ್ಟಿಯನ್ನು ಪರಿವರ್ತಿಸುವಾಗ ಸಿಗ್‌ಪಾತಿಗೆ ‘-ಪಿ’ ಎಂದು ಸೇರಿಸತಕ್ಕದ್ದು. ಯುನಿಕ್ಸ್ ಪಟ್ಟಿಯಲ್ಲಿ ವಿಳಾಸಗಳ ನಡುವೆ ಬರುವುದು ಕೋಲನ್. ವಿಂಡೋಸಿನಲ್ಲಿ ಕೋಲನ್ ಡ್ರೈವಿನ ಅಕ್ಷರದ ಪಾಲಾದುದರಿಂದ ಅಲ್ಲಿ ಸೆಮಿಕೋಲನ್ ಬೇಕು.

ಈಗ ಆ ಪದಗಳು ವಿಭಾಗದ ಸಂಗ್ರಹದಲ್ಲಿ ಕ್ಷೇಮವಾಗಿವೆ. ಅಂದು ಅಧ್ಯಾಪಕರು ನನ್ನನ್ನು ಗದರಿಸಲಿಲ್ಲ. “ಕಾಗದವನ್ನು ಅಂಚೆಗೆ ಹಾಕಿದ ಮಾತ್ರಕ್ಕೆ ತಲಪಿತೆಂದಲ್ಲ” ಎಂದಷ್ಟೇ ಹೇಳಿ, ಮೊದಲನೆಯ ಹಾಡನ್ನು ಪೂರ್ತಿ ಕೇಳಿದರು. ಅಂದಿನಿಂದ ನಕಲನ್ನು ಅದು ತಲಪಬೇಕಾದ ಕಡೆಯಿಂದಲೇ ತೆರೆದು ನೋಡದೆ ನಾನು ಮೂಲವನ್ನು ಅಳಿಸುವುದಿಲ್ಲ. ಮಿತ್ರರೂ ಹಾಗೆಯೇ ಮಾಡಲೆಂದು ನನ್ನ ಬಿನ್ನಹ.