ಫ್ಲೇಂಜಿನ ಹಿಂಬದಿ ನೋಡು

ಅಳದಂಗಡಿ
ಆಟಿ ತಿಂಗಳು

ಪ್ರೀತಿಯ ಮಗಾ,

ನಿನ್ನ ಮೆಸೇಜು ಓದಿದೆ. ಹೊಟ್ಟೆಯ ಮೇಲಿನ ಬ್ಯಾಗಿನ ಅಡಿಯಲ್ಲಿ ಚರ್ಮ ಕೆಂಪಾಗಿದೆ, ಉರಿಯುತ್ತದೆ, ರಾತ್ರಿ ತುರಿಕೆ, ಇನ್‌ಫೆಕ್ಷನ್ ಆಗಿರಬಹುದಾ ದೊಡ್ಡಮ್ಮಾ ಎಂದು ಕೇಳಿದ್ದಿ. ಆಗಿರಲೂಬಹುದು. ಆದರೆ ಹೆಚ್ಚಿನ ಸಲ ಶುರುವಾಗುವುದು ಸೋರಿಕೆಯಿಂದ. ಮಳೆಗಾಲದಲ್ಲಿ ಗೋಡೆ ಒದ್ದೆಯಾದರೆ ನಾವು ಸುಣ್ಣದ ಬಾಲ್ದಿ ಹುಡುಕುವುದಿಲ್ಲ, ಅಟ್ಟ ಹತ್ತಿ ಯಾವ ಹಂಚು ಒಡೆದಿದೆ ಎಂದು ನೋಡುತ್ತೇವೆ. ನಿನ್ನ ದೊಡ್ಡಪ್ಪನ ಬ್ಯಾಗ್ ನೋಡಿಕೊಳ್ಳುತ್ತಾ ನನಗೆ ಗೊತ್ತಾದದ್ದೂ ಅದೇ.

ಅವರದು ಕೊಲೊಸ್ಟಮಿ, ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದದ್ದು. ಬರುವುದು ಗಟ್ಟಿ, ಸ್ವಲ್ಪ ತಾಗಿದರೂ ಚರ್ಮ ತಡೆದುಕೊಳ್ಳುತ್ತದೆ. ನಿನ್ನದು ಇಲಿಯೋಸ್ಟಮಿ. ಸಣ್ಣ ಕರುಳಿನ ನೀರಿನಲ್ಲಿ ಉಂಡದ್ದನ್ನು ಕರಗಿಸುವ ಕಿಣ್ವಗಳು ಇನ್ನೂ ಚುರುಕಾಗಿಯೇ ಇರುತ್ತವೆ, ಚರ್ಮ ಸಿಕ್ಕಿದರೆ ಅದನ್ನೂ ಕರಗಿಸಲು ಹೊರಡುತ್ತವೆ. ಕೆಲವು ಗಂಟೆ ಸಾಕು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಸರ್ಜನ್ ಬ್ರಯಾನ್ ಬ್ರೂಕ್ ಕರುಳಿನ ತುದಿಯನ್ನು ಹೊರಕ್ಕೆ ಮಡಚಿ ಪುಟ್ಟ ಮೂತಿಯ ಹಾಗೆ ಹೊಲಿಯುವ ಕ್ರಮವನ್ನು ಬರೆದು ಪ್ರಕಟಿಸಿದರು. ಆ ಮೂತಿ ಇದ್ದರೆ ದ್ರವ ಚರ್ಮದ ಮೇಲೆ ಹರಿಯದೆ ನೇರ ಬ್ಯಾಗಿಗೆ ಬೀಳುತ್ತದೆ. ನಿನ್ನ ಹೊಟ್ಟೆಯ ಮೇಲೆ ಇರುವುದೂ ಅದೇ ಮೂತಿ, ಸ್ಟೋಮಾ ಎನ್ನುವುದು ಅದಕ್ಕೇ.

ಮುಂದಿನ ಸಲ ಫ್ಲೇಂಜ್, ಅಂದರೆ ಚರ್ಮಕ್ಕೆ ಅಂಟುವ ಬಿಲ್ಲೆ, ತೆಗೆದ ಕೂಡಲೇ ಬಿಸಾಡಬೇಡ. ಮಗುಚಿ ಬೆಳಕಿಗೆ ಹಿಡಿ. ಅಂಟು ಯಾವ ಬದಿಯಲ್ಲಿ ಕರಗಿದೆ? ಚರ್ಮವೂ ಅದೇ ಬದಿಯಲ್ಲಿ ಕೆಂಪಾಗಿದ್ದರೆ ಸೋರಿದ ದಾರಿ ಸಿಕ್ಕಿತು. ಕನ್ನಡಿಯ ಮುಂದೆ ಕೂತು ನೋಡು, ನಿಂತೂ ನೋಡು. ನಿಂತಾಗ ಕಾಣದ ಮಡಿಕೆ ಕೂತಾಗ ಎದ್ದು ಕಾಣುತ್ತದೆ. ಕೆಂಪು ಸರಿಯಾಗಿ ಫ್ಲೇಂಜಿನದೇ ಆಕಾರದಲ್ಲಿದ್ದರೆ ಅಂಟೇ ನಿನ್ನ ಚರ್ಮಕ್ಕೆ ಆಗುತ್ತಿಲ್ಲವೋ ಏನೋ, ಬೇರೆ ಕಂಪನಿಯದು ಹಾಕಿ ನೋಡಬೇಕಾಗುತ್ತದೆ. ಕೂದಲ ಬುಡದಲ್ಲೇ ಸಣ್ಣ ಗುಳ್ಳೆಗಳಾದರೆ ಅದು ಎಳೆದು ಕಿತ್ತದ್ದರ ಅಥವಾ ಬೋಳಿಸಿದ್ದರ ಫಲ. ಇನ್ನು, ಕೆಂಪು ಹರಡಿದ ಜಾಗದ ಹೊರಗೂ ಚುಕ್ಕಿ ಚುಕ್ಕಿ ಎದ್ದು ವಿಪರೀತ ತುರಿಸಿದರೆ ಫಂಗಸ್ ಇರಬಹುದು. ಆಪರೇಷನ್ ಸಮಯದಲ್ಲಿ ಆ್ಯಂಟಿಬಯೋಟಿಕ್ ತಿಂದವನು ನೀನು, ಮೇಲಿಂದ ಮಂಗಳೂರಿನ ಬೆವರು. ನಿನ್ನ ರಾತ್ರಿಯ ತುರಿಕೆ ಕೇಳಿ ನನಗೆ ಬಂದ ಸಂಶಯ ಅದು. ಅದಕ್ಕೆ ಪೌಡರ್ ಮದ್ದು ಉಂಟು, ಡಾಕ್ಟರು ನೋಡಿ ಬರೆದುಕೊಡಬೇಕು. ಮೆಡಿಕಲ್ಲಿನವ ಕೈಗೆ ಕೊಡುವ, ಮೂರು ಮದ್ದು ಕಲಸಿದ ಟ್ಯೂಬ್ ಮಾತ್ರ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಜಿಡ್ಡು ಬೇರೆ. ಜಿಡ್ಡಿನ ಮೇಲೆ ಫ್ಲೇಂಜ್ ಹಿಡಿಯುವುದಿಲ್ಲ, ಮತ್ತೆ ಸೋರುತ್ತದೆ.

ನಮ್ಮ ಊರಿನಲ್ಲಿ ಸರ್ವರೋಗಕ್ಕೂ ತೆಂಗಿನೆಣ್ಣೆ, ಅರಶಿನ. ನಿನ್ನ ಅಮ್ಮ ಈಗಾಗಲೇ ಒಂದು ಬಾಟಲಿ ಕಟ್ಟಿಟ್ಟಿರುತ್ತಾಳೆ, ನಾನೇ ಮಾತಾಡುತ್ತೇನೆ. ಡೆಟಾಲ್, ಪರಿಮಳದ ಸೋಪು, ಒದ್ದೆ ಟಿಶ್ಯೂ ಯಾವುದೂ ಬೇಡ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಆಮೇಲೆ ಪೂರ್ತಿ ಒಣಗಲು ಬಿಡು. ಆಟಿಯ ಥಂಡಿಯಲ್ಲಿ ಒಣಗಿದೆ ಎಂದು ನಾವು ಅಂದುಕೊಂಡದ್ದು ಒಣಗಿರುವುದಿಲ್ಲ, ಫ್ಯಾನಿನ ಕೆಳಗೆ ಕೂರು. ಚರ್ಮ ಹಸಿಯಾಗಿ ಜಿನುಗುವಲ್ಲಿ ಸ್ಟೋಮಾ ಪೌಡರ್ ಉದುರಿಸಿ ಹೆಚ್ಚಾದದ್ದನ್ನು ಕೊಡವು. ಒರೆಸುವಾಗ ಸ್ಟೋಮಾದಿಂದ ಎರಡು ಹನಿ ರಕ್ತ ಬಂದರೆ ಹೆದರಬೇಡ, ಅದು ತುಟಿಯ ಒಳಬದಿಯಷ್ಟೇ ಮೃದು.

ಅಳತೆಯ ಪಟ್ಟಿ ಇದೆಯಲ್ಲ, ಮತ್ತೆ ಅಳೆ. ಆಪರೇಷನ್ ಆಗಿ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಬರುತ್ತದೆ. ನೀನು ಆಸ್ಪತ್ರೆಯಲ್ಲಿ ಕೊಟ್ಟ ಅಳತೆಗೇ ಕತ್ತರಿಸುತ್ತಿದ್ದರೆ ಸುತ್ತ ಬರಿ ಚರ್ಮ ಉಳಿಯುತ್ತದೆ, ಉರಿಯುವುದು ಅಲ್ಲೇ. ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಸಾಕು. ಬ್ಯಾಗ್ ಮೂರನೇ ಒಂದು ಭಾಗ ತುಂಬುವಾಗಲೇ ಖಾಲಿ ಮಾಡು, ಇಲ್ಲದಿದ್ದರೆ ಭಾರಕ್ಕೆ ಅಂಟು ಬಿಡುತ್ತದೆ. ಅಡಿಯಲ್ಲಿ ಉರಿ ಶುರುವಾದರೆ ನಾಳೆ ಬದಲಿಸುವ ದಿನ ಎಂದು ಕಾಯಬೇಡ, ಆಗಲೇ ತೆಗೆ. ದುಡ್ಡಿನ ಸಂಕೋಚ ನನಗೆ ಬಿಡು.

ಈ ಅಂಟಿನದೂ ಒಂದು ಕಥೆ. ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್, ಆಪರೇಷನ್ ಆದ ತನ್ನ ತಂಗಿ ಸೋರಿಕೆಯ ಹೆದರಿಕೆಯಿಂದ ಮನೆಯಿಂದ ಹೊರಗೇ ಹೋಗುವುದಿಲ್ಲ ಎಂದು ಕಂಡು, 1954ರಲ್ಲಿ ಅಂಟುವ ಬ್ಯಾಗಿನ ಕಲ್ಪನೆ ಮಾಡಿದಳು. ಸುಮಾರು ಅದೇ ಕಾಲಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾಕ್ಟರ್ ಟರ್ನ್‌ಬುಲ್ ಸ್ಟೋಮಾದ ಸುತ್ತ ಕೆಂಪಾಗಿ ಹಸಿಯಾದ ಚರ್ಮದ ಮೇಲೆ ಹಾಕಿ ನೋಡಿದ್ದು ಕರಾಯ ಅಂಟನ್ನು. ನಮ್ಮ ದೇಶದ ಒಣಕಾಡುಗಳಲ್ಲಿ ಆದಿವಾಸಿಗಳು ಮರದಿಂದ ಇಳಿಸುವ ಅಂಟು ಅದು!

ಜನರ ನಡುವೆ ಹೋಗಲು ನಾಚಿಕೆ ಎಂದೂ ಬರೆದಿದ್ದಿ. 2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಮಸ್ತಕಾಭಿಷೇಕವಾದಾಗ ದೊಡ್ಡಪ್ಪನೂ ಹೊರಟರು. ಆ ಮೂರ್ತಿಯನ್ನು 1604ರಲ್ಲಿ ನಿಲ್ಲಿಸಿದ್ದು ನಮ್ಮ ಅಜಿಲ ಅರಸರು, ಹೋಗದಿದ್ದರೆ ಹೇಗೆ ಎಂಬುದು ಅವರ ವಾದ. ಜನಜಂಗುಳಿಯಲ್ಲಿ ಬೆವರಿಗೆ ಫ್ಲೇಂಜಿನ ಒಂದು ಅಂಚು ಎದ್ದಿತು. ಜೋಳಿಗೆಯಲ್ಲಿ ಇನ್ನೊಂದು ಸೆಟ್ ಇತ್ತು, ಮರೆಗೆ ಹೋಗಿ ಬದಲಿಸಿ ಬಂದು ಅಭಿಷೇಕ ಪೂರ್ತಿ ನೋಡಿದರು.

ಆದರೆ ಜ್ವರ ಬಂದರೆ, ಕೆಂಪು ದಿನದಿಂದ ದಿನಕ್ಕೆ ಹಬ್ಬಿದರೆ, ಮುಟ್ಟಿದರೆ ಬಿಸಿ ಇದ್ದರೆ, ಊದಿಕೊಂಡು ಕೀವು ಬಂದರೆ, ನನ್ನ ಕಾಗದ ಓದುತ್ತಾ ಕೂರಬೇಡ, ಅಂದೇ ಸರ್ಜನ್ನರಿಗೆ ತೋರಿಸು. ಸ್ಟೋಮಾ ನೇರಳೆಯೋ ಕಪ್ಪೋ ಆದರೆ, ಹೊಟ್ಟೆನೋವಿನ ಜೊತೆ ಬ್ಯಾಗಿಗೆ ಏನೂ ಬೀಳದಿದ್ದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡು.

ಅಷ್ಟಿಲ್ಲದಿದ್ದರೂ ಈ ವಾರವೇ ಸ್ಟೋಮಾ ಸಿಸ್ಟರನ್ನು ಕಂಡು ಬಾ. ತೆಗೆದ ಹಳೆಯ ಫ್ಲೇಂಜನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ ಕೊಂಡುಹೋಗು, ನೀನು ಹೇಳುವುದಕ್ಕಿಂತ ಹೆಚ್ಚು ಅದು ಹೇಳುತ್ತದೆ. ಹೊಸ ಸೆಟ್ಟೂ ಚೀಲದಲ್ಲಿರಲಿ. ಅವರು ತೆಗೆದು ನೋಡಿದ ಮೇಲೆ ಹಾಕಿಕೊಳ್ಳಲು ಬೇಕಲ್ಲ.

ಇತಿ ನಿನ್ನ
ದೊಡ್ಡಮ್ಮ