ಬೇನೆಯ ನಡುವೆ ಒಂದು ಭಾನುವಾರ

ಮೈಸೂರಿನ ಅಶೋಕ ರಸ್ತೆಯಲ್ಲಿ ನಡೆದುಹೋಗುವವರಿಗೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಬಹುದೂರದಿಂದಲೇ ಕಾಣಿಸುತ್ತವೆ. ಅವುಗಳ ಎತ್ತರ ಸುಮಾರು 175 ಅಡಿ. 1933ನೆಯ ಇಸವಿ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈ ಕಟ್ಟಡಕ್ಕೆ ಅಸ್ತಿಭಾರದ ಕಲ್ಲನ್ನಿಟ್ಟರು. ಜರ್ಮನಿಯ ಕಲೋನ್ ನಗರದ ಮಹಾದೇವಾಲಯವನ್ನು ನೆನಪಿಗೆ ತರುವ ಇದರ ರಚನೆಯನ್ನು ನೋಡಲು ದೇಶವಿದೇಶಗಳಿಂದ ಪ್ರವಾಸಿಗಳು ಬರುತ್ತಾರೆ. ಆದರೆ ಇಂದು ನಾವು ಗೋಪುರಗಳನ್ನು ಬಿಟ್ಟು, ಭಾನುವಾರ ಬೆಳಗ್ಗೆ ಒಳಗಿನ ಬೆಂಚುಗಳಲ್ಲಿ ಕುಳಿತವರ ಕಡೆಗೆ ದೃಷ್ಟಿ ಹರಿಸೋಣ.

ಅವರಲ್ಲಿ ಒಬ್ಬ ರೋಗಿ ಇದ್ದಾರೆಂದು ಭಾವಿಸಿಕೊಳ್ಳೋಣ. ಅವರ ಎರಡು ಮೂತ್ರಪಿಂಡಗಳೂ ಕೆಲಸವನ್ನು ನಿಲ್ಲಿಸಿವೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆಗಳ ಕಾಲ, ಅವರ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧಿಮಾಡಬೇಕು. ಇದನ್ನೇ ಡಯಾಲಿಸಿಸ್ ಎನ್ನುತ್ತಾರೆ. ಕುಡಿಯುವ ನೀರಿಗೂ ಅಳತೆಯುಂಟು, ತಿನ್ನುವ ಉಪ್ಪಿಗೂ ಅಳತೆಯುಂಟು. ಇಂಥವರು ಭಾನುವಾರ ನಿಧಾನವಾಗಿ ನಡೆದು ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಬಲಿಪೂಜೆಯಲ್ಲಿ ಎಲ್ಲರೊಡನೆ ದನಿಗೂಡಿಸಿ ಹಾಡಿ, ಗೆಲುವಿನ ಮುಖದಿಂದ ಮನೆಗೆ ಮರಳುತ್ತಾರೆ. ಮೂತ್ರಪಿಂಡಗಳು ಸರಿಹೋದುವೆ? ಇಲ್ಲ. ಮರುದಿನ ಅದೇ ಯಂತ್ರ, ಅದೇ ಸೂಜಿ. ಹಾಗಾದರೆ ಈ ಗೆಲುವು ಎಲ್ಲಿಂದ ಬಂದಿತು?

ಈ ಪ್ರಶ್ನೆಗೆ ಅವಸರದ ಉತ್ತರಗಳು ಎರಡುಂಟು. ‘ಅದೆಲ್ಲ ಬರಿಯ ಭ್ರಮೆ’ ಎಂಬುದು ಒಂದು. ‘ಪ್ರಾರ್ಥನೆಯೇ ಔಷಧ, ಇನ್ನು ಮಾತ್ರೆಗಳೇಕೆ’ ಎಂಬುದು ಇನ್ನೊಂದು. ಎರಡೂ ತಪ್ಪು. ಎರಡನೆಯದಂತೂ ಪ್ರಾಣಾಪಾಯಕರವಾದ ತಪ್ಪು. ರೋಗ ಬೇರೆ, ರೋಗದಿಂದಾಗುವ ಸಂಕಟ ಬೇರೆ. ರೋಗವನ್ನು ವೈದ್ಯರು ರಕ್ತಪರೀಕ್ಷೆಯಿಂದ ಅಳೆಯುತ್ತಾರೆ. ನೋವು, ಅಂಜಿಕೆ, ಒಂಟಿತನಗಳು ಕೂಡಿದ ಸಂಕಟವನ್ನಾದರೋ ರೋಗಿಯೇ ಬಲ್ಲ. ಮೊದಲನೆಯದು ಹಾಗೆಯೇ ಉಳಿದರೂ ಎರಡನೆಯದು ತಕ್ಕಮಟ್ಟಿಗೆ ತಗ್ಗಬಹುದು. ಇದು ಹೇಗೆ ಸಾಧ್ಯವೆಂಬುದನ್ನು ಈಗ ವಿಚಾರಿಸೋಣ.

ಉಸಿರಿನ ಲಯ

ಮೊದಲು ಉಸಿರನ್ನು ತೆಗೆದುಕೊಳ್ಳೋಣ. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾನೆ. ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಅವರ ಸಂಗಡಿಗರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ, 2001ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಪ್ರಕಟಿಸಿದರು. ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳುವಾಗ ಅವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ‘ಓಂ ಮಣಿ ಪದ್ಮೇ ಹೂಂ’ ಎಂಬ ಮಂತ್ರವನ್ನು ಜಪಿಸುವಾಗಲೂ ಹಾಗೆಯೇ ಆಯಿತು. ರಕ್ತದೊತ್ತಡವು ಏರಿಳಿದಾಗ ಹೃದಯದ ಬಡಿತವನ್ನು ಅದಕ್ಕೆ ಹೊಂದಿಸುವ ನರವ್ಯವಸ್ಥೆಯೊಂದು ನಮ್ಮಲ್ಲಿದೆಯಷ್ಟೆ. ಈ ನಿಧಾನವಾದ ಉಸಿರಿನಲ್ಲಿ ಅದು ಹೆಚ್ಚು ಚುರುಕಾಗಿ ವರ್ತಿಸಿತು. ಪರೀಕ್ಷೆಗೆ ಒಳಗಾದವರು ರೋಗಿಗಳಲ್ಲವೆಂಬುದನ್ನು ಮಾತ್ರ ನಾವು ಮರೆಯಬಾರದು.

ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಗೆಳೆಯನೊಬ್ಬನು ಸುಮ್ಮನೆ ಕುಳಿತಿರುವಾಗ ಅವನಿಗೆ ತಿಳಿಯದಂತೆ ಒಂದು ನಿಮಿಷದ ಉಸಿರನ್ನು ಎಣಿಸಿರಿ. ಎಣಿಸುತ್ತಿರುವುದು ತಿಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ. ಬಳಿಕ ತನಗೆ ಪರಿಚಿತವಾದ ಪ್ರಾರ್ಥನೆಯನ್ನೋ ಪದ್ಯವನ್ನೋ ಅವನು ನಿಧಾನವಾಗಿ ಹೇಳುತ್ತಿರುವಾಗ ಮತ್ತೆ ಎಣಿಸಿರಿ. ಎರಡು ಸಂಖ್ಯೆಗಳನ್ನೂ ಹೋಲಿಸಿ ನೋಡಿರಿ.

ಕೂಡಿ ಹಾಡುವುದು

ಚರ್ಚಿನಲ್ಲಿ ರೋಗಿಯು ಒಬ್ಬನೇ ಹಾಡುವುದಿಲ್ಲ. ನೂರಾರು ಮಂದಿಯೊಡನೆ ಒಂದೇ ತಾಳಕ್ಕೆ ಹಾಡುತ್ತಾನೆ. 2015ರಲ್ಲಿ ಇಂಗ್ಲೆಂಡಿನ ಸಂಶೋಧಕರು ವಯಸ್ಕರ ಹಾಡಿನ ತರಗತಿಗಳನ್ನು ಕೈಕಸಬಿನ ಮತ್ತು ಬರವಣಿಗೆಯ ತರಗತಿಗಳೊಡನೆ ಹೋಲಿಸಿ ನೋಡಿದರು. ತಿಂಗಳುಗಳು ಕಳೆದ ಮೇಲೆ ಎಲ್ಲ ತರಗತಿಗಳಲ್ಲಿಯೂ ಸ್ನೇಹ ಬೆಳೆದಿತ್ತು. ಆದರೆ ಅಪರಿಚಿತರು ಬಹು ಬೇಗನೆ ಆಪ್ತರಾದುದು ಹಾಡಿದವರಲ್ಲಿಯೇ. ಕಾಯಿಲೆಯವನಿಗೆ ಇದು ಸಣ್ಣ ಲಾಭವಲ್ಲ. ಆಸ್ಪತ್ರೆಯಲ್ಲಿ ಅವನು ರೋಗಿ. ಮನೆಯಲ್ಲಿ ಎಲ್ಲರ ಚಿಂತೆಗೂ ಕಾರಣನಾದವನು. ಹಾಡುವವರ ನಡುವೆ ಮಾತ್ರ ಅವನು ಉಳಿದವರಂತೆಯೇ ಒಬ್ಬ ಹಾಡುಗಾರ.

ನೋವಿಗೂ ಮನಸ್ಸಿಗೂ ಸಂಬಂಧವುಂಟು. ನೋವಿನ ಸಂದೇಶಗಳು ಮಿದುಳಿಗೆ ನೇರವಾಗಿ ಹೋಗುವುದಿಲ್ಲವೆಂದೂ, ಬೆನ್ನುಹುರಿಯಲ್ಲಿ ಅವುಗಳನ್ನು ಹೆಚ್ಚಿಸುವ ಅಥವಾ ತಡೆಯುವ ಒಂದು ಬಾಗಿಲಿನಂತಹ ಏರ್ಪಾಡಿದೆಯೆಂದೂ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ಅವರ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದುವು. ಮುಖ್ಯ ತತ್ತ್ವವು ಮಾತ್ರ ನಿಂತಿದೆ. ಮಿದುಳಿನಿಂದ ಕೆಳಗಿಳಿಯುವ ಸಂದೇಶಗಳು ಈ ಬಾಗಿಲನ್ನು ಭಾಗಶಃ ಮುಚ್ಚಬಲ್ಲವು. ಮನಸ್ಸು ಬೇರೊಂದರಲ್ಲಿ ನೆಟ್ಟಾಗ ನೋವು ಕಡಿಮೆಯೆನಿಸುವುದು ಸೋಗಲ್ಲ, ಶರೀರಧರ್ಮ.

ಅಂಕಿಗಳು ಹೇಳುವುದೇನು?

ಅಮೆರಿಕದಲ್ಲಿ 74,534 ಮಂದಿ ದಾದಿಯರನ್ನು ಸುಮಾರು 16 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ ಮರಣದ ಪ್ರಮಾಣ 33 ಶೇಕಡ ಕಡಿಮೆಯಿತ್ತು. ಇಲ್ಲಿ ಜಾಣ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಬೇಕು: ಹೋದುದರಿಂದ ಆರೋಗ್ಯವೋ, ಆರೋಗ್ಯವಿದ್ದುದರಿಂದ ಹೋದರೋ? ಹಾಸಿಗೆ ಹಿಡಿದವರು ಚರ್ಚಿಗೆ ಬರಲಾರರಷ್ಟೆ. ಸಂಶೋಧಕರು ಇದನ್ನರಿತು, ಮೊದಲಿನ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ವ್ಯತ್ಯಾಸವು ಆಗಲೂ ಅಳಿಯಲಿಲ್ಲ. ಅದರ ಒಂದು ಭಾಗಕ್ಕೆ ನೆರೆಹೊರೆಯ ಆಸರೆ, ಧೂಮಪಾನ ಕಡಿಮೆಯಾಗಿದ್ದುದು, ಖಿನ್ನತೆ ಕಡಿಮೆಯಾಗಿದ್ದುದು ಇವೇ ಕಾರಣಗಳೆಂದು ಅವರಿಗೆ ಕಂಡುಬಂದಿತು. ಆದರೂ ಇದು ನೋಡಿ ತಿಳಿದುದೇ ಹೊರತು ಪ್ರಯೋಗದಿಂದ ಸಿದ್ಧವಾದುದಲ್ಲ.

ಪ್ರಯೋಗವೂ ನಡೆದಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ಮಂದಿಯಲ್ಲಿ ಕೆಲವರಿಗಾಗಿ ದೂರದಲ್ಲಿದ್ದ ಅಪರಿಚಿತರು ಪ್ರಾರ್ಥಿಸಿದರು. 2006ರಲ್ಲಿ ಇದರ ಫಲಿತಾಂಶ ಹೊರಬಿದ್ದಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದಿದ್ದ ಎರಡು ಗುಂಪುಗಳಲ್ಲಿ ತೊಡಕುಗಳು ಸರಿಸುಮಾರು ಒಂದೇ ಪ್ರಮಾಣದಲ್ಲಿದ್ದುವು. ಪ್ರಾರ್ಥನೆ ಖಂಡಿತವಾಗಿ ನಡೆಯುತ್ತಿದೆಯೆಂದು ತಿಳಿದಿದ್ದವರಲ್ಲಿಯಾದರೋ 59 ಶೇಕಡ ಮಂದಿಗೆ ತೊಡಕುಗಳಾದುವು. ಉಳಿದೆರಡು ಗುಂಪುಗಳಿಗಿಂತ ಇದು ಹೆಚ್ಚು! ದೇವರ ಇರವು ಈ ಪ್ರಯೋಗದ ವಿಷಯವಲ್ಲ. ಪ್ರಾರ್ಥನೆಯನ್ನು ಔಷಧದಂತೆ ಅಳೆದು ಕೊಡಲಾಗದೆಂಬುದನ್ನಷ್ಟೇ ನಾವು ಇದರಿಂದ ತಿಳಿಯಬಹುದು.

ಪ್ರಾರ್ಥಿಸುವವರೇ ಇದನ್ನು ಹಿಂದೆಯೇ ಅರಿತಿದ್ದರು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದವರು ಕ್ರೈಸ್ತ ಮಿಷನ್ನಿನವರೇ. ಪ್ರಾರ್ಥನೆಯೊಂದೇ ಸಾಕೆಂದು ಅವರು ಎಣಿಸಿದ್ದರೆ ಆಸ್ಪತ್ರೆಯನ್ನು ಕಟ್ಟುತ್ತಿರಲಿಲ್ಲ.

ಆದುದರಿಂದ ರೋಗಿಯು ಚರ್ಚಿನಲ್ಲಿ ಪಡೆಯುವ ಸಂತೋಷವು ನಿಜವಾದುದೇ. ಆದರೆ ಅದು ಡಯಾಲಿಸಿಸ್‌ಗೆ ಬದಲಿಯಾಗಲಾರದು. ಹಬ್ಬದ ದಿನವೆಂದು ಚಿಕಿತ್ಸೆಯ ಸರದಿಯನ್ನು ತಪ್ಪಿಸಬಾರದು. ರೋಗನಿರೋಧಕ ಶಕ್ತಿ ಕುಂದಿದವರು ಜನಸಂದಣಿಯಲ್ಲಿ ಮುಖಕ್ಕೆ ಮಾಸ್ಕ್ ಧರಿಸುವುದು, ಗಾಳಿಯಾಡುವ ಬಾಗಿಲ ಬಳಿ ಕುಳ್ಳಿರುವುದು ಲೇಸು. ಜ್ವರ, ಕೆಮ್ಮು ಇರುವವರು ಅಂದು ಮನೆಯಲ್ಲಿಯೇ ಉಳಿಯುವುದು ಪಕ್ಕದವರಿಗೆ ಮಾಡುವ ಉಪಕಾರ.

ನಡೆದು ಬರಲಾರದವರ ಗತಿಯೇನು? ಕಥೋಲಿಕರಲ್ಲಿ ರೋಗಿಯ ಮನೆಗೇ ಪರಮಪ್ರಸಾದವನ್ನು ಒಯ್ದು ಕೊಡುವ ಪದ್ಧತಿಯಿದೆ. 1993ರಿಂದ ಪ್ರತಿ ವರ್ಷವೂ ಫೆಬ್ರವರಿ 11ನ್ನು ರೋಗಿಗಳ ವಿಶ್ವದಿನವಾಗಿ ಅವರು ಆಚರಿಸುತ್ತಾರೆ. ಆದರೆ ಆಸರೆಯಾಗಲು ವರ್ಷಕ್ಕೊಂದು ದಿನ ಸಾಲದು. ಚರ್ಚಿರಲಿ, ಭಜನಮಂದಿರವಿರಲಿ, ಮಸೀದಿಯಿರಲಿ, ನೀವು ಹೋಗುವಲ್ಲಿ ವಾರವಾರವೂ ಕಾಣುತ್ತಿದ್ದ ಮುಖವೊಂದು ಎರಡು ವಾರ ಕಾಣದಿದ್ದರೆ ಅವರ ಮನೆಯ ಬಾಗಿಲನ್ನು ತಟ್ಟಿರಿ. ಉಪದೇಶ ಬೇಕಿಲ್ಲ. ಅರ್ಧ ಗಂಟೆ ಜೊತೆಯಲ್ಲಿ ಕುಳಿತು, ಅವರಿಗೆ ಇಷ್ಟವಿದ್ದರೆ ಅವರು ಮೆಚ್ಚಿದ ಹಾಡೊಂದನ್ನು ಕೂಡಿ ಹಾಡಿ ಬಂದರೆ ಸಾಕು.